ಹಲಸಿನ ಮರದ ಪಾಪ

೧೮ ಮೇ ೨೦೨೫, ಭಾನುವಾರ
ಗೌರೀಶನ ವಾಯ್ಸ್ ನೋಟ್, ಮಲ್ಲೇಶ್ವರದಿಂದ ಮೈಸೂರಿಗೆ

ಹಲೋ, ಹಲೋ, ಒನ್ ಟೂ ತ್ರೀ... ಕೇಳಿಸ್ತಿದ್ಯಾ? ಶಾಮಿಯಾನ, ಮೈಕ್ ಸೆಟ್ಟು ಬಾಡಿಗೆ ಕೊಟ್ಕೊಂಡೇ ಐವತ್ತು ವರ್ಷಕ್ಕೆ ಬಂದು ನಿಂತೆ, ಈ ಫೋನ್ ಮೈಕ್ ಮೇಲೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ ನೋಡು.

ರಾಮು, ನಾನು ಕಣೋ, ಗೌರೀಶ. ನಿಮ್ಮನೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರೋ ಮನೆಯೋನು. ನಂಬರ್ ಡಿಲೀಟ್ ಮಾಡಿರ್ತೀಯೇನೋ ಅಂತ ಪರಿಚಯ ಮಾಡ್ಕೊಂಡೆ. ಮಾತು ಬಿಟ್ಟು ಎರಡು ವರ್ಷ ಆಯ್ತಲ್ಲ. ನೀನು ಅಮ್ಮನ್ನ ಮೈಸೂರಿಗೆ ಕರ್ಕೊಂಡು ಹೊರಟಾಗ ನಾನು "ಈ ವಯಸ್ಸಲ್ಲಿ ಅವ್ರನ್ನ ಬೇರು ಸಮೇತ ಯಾಕೋ ಕೀಳ್ತೀಯ" ಅಂದೆ, ನೀನು "ನಮ್ಮನೆ ವಿಷಯಕ್ಕೆ ಮೈಕ್ ಹಿಡೀಬೇಡ" ಅಂದೆ. ಸರಿ ಅಂತ ಸ್ವಿಚ್ ಆಫ್ ಮಾಡ್ಕೊಂಡಿದ್ದೆ. ಇವತ್ತು ಆನ್ ಮಾಡಿದೀನಿ. ಯಾಕಂದ್ರೆ ನಿಮ್ಮ ಮೇಲ್ಮನೆ ಬಾಡಿಗೆಯೋರು ಹೇಳಿದ್ರು, ಆಷಾಢ ಕಳೀತಿದ್ದ ಹಾಗೆ ನಿಮ್ಮ ಹಿತ್ತಲ ಹಲಸಿನ ಮರ ಕಡಿಸಿ ಗುದ್ದಲಿ ಪೂಜೆ ಮಾಡ್ತೀಯಂತೆ. ಕಡಿಸ್ಬೇಡ ಕಣೋ. ಯಾಕೆ ಅಂತ ಹೇಳ್ತೀನಿ, ಅದಕ್ಕೆ ಮುಂಚೆ ಬ್ಯಾಕ್‌ಗ್ರೌಂಡ್ ಗೊತ್ತಾಗ್ಬೇಕು.

ನಿನ್ನೆ ಸಂಜೆ ಬಂದ ಮಳೆ ಇದೆಯಲ್ಲ, ಮಳೆ ಅಲ್ಲ ಅದು, ಮೇಲಿಂದ ಯಾರೋ ಡ್ರಮ್ಮು ಬೋರಲು ಹಾಕಿದ್ರು. ಒಂದು ನಾಮಕರಣಕ್ಕೆ ಹಾಕಿದ್ದ ಶಾಮಿಯಾನ ಪೂರ್ತಿ ತೊಪ್ಪೆ. ನಮ್ಮಿಬ್ರ ಹಿತ್ತಲ ನಡುವಿನ ಕನ್ಸರ್ವೆನ್ಸಿ ಗಲ್ಲೀಲಿ, ನಮ್ಮ ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿ ಮಲ್ಕೊಂಡೆ. ಬೆಳಗ್ಗೆ ಎದ್ದು ಇಡ್ಲಿ ತರಕ್ಕೆ ಹೋದ್ರೆ ಕ್ಯೂ. ಮಳೆ ಬಂದ್ ಮಾರನೇ ದಿನ ಮಲ್ಲೇಶ್ವರದೋರಿಗೆ ಇಡ್ಲಿ ಹಸಿವು ಜಾಸ್ತಿ ಆಗುತ್ತೆ, ನೀನು ಗಮನಿಸಿದ್ಯೋ ಇಲ್ವೋ. ಚಟ್ನಿ ಮಾತ್ರ ಮೊದಲಿನ ಹಾಗಿಲ್ಲ ಗುರು, ಹುರಿಗಡಲೆ ಸುರಿದ್ಬಿಡ್ತಾರೆ...

ಎಲ್ಲಿದ್ದೆ? ಹಾಂ, ಗಲ್ಲಿ. ವಾಪಸ್ ಬಂದು ನೋಡ್ತೀನಿ, ಗಲ್ಲಿ ಮಧ್ಯದ ಆ ದೊಡ್ಡ ನೇರಳೆ ಮರ ಬುಡಸಮೇತ ಮಲ್ಕೊಂಡಿದೆ. ನಮ್ಮ ನೇರಳೆ ಕಣೋ! ಸ್ಕೂಲಿಗೆ ನೀಲಿ ನಾಲಿಗೆ ತೋರಿಸ್ಕೊಂಡು ಹೋಗ್ತಿದ್ವಲ್ಲ, ಅದು. ನಿಂತು ನೋಡ್ತಿದ್ದೆ, ಅಷ್ಟರಲ್ಲಿ ನಮ್ಮ ಶಾಮಿಯಾನ ಹಗ್ಗದ ಮೇಲೆ ಏನೋ ಅಲ್ಲಾಡ್ತು. ಅಂಗೈಯಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಬರೀ ಕಣ್ಣು. ನಾಲ್ಕೂ ಕೈಯಲ್ಲಿ ಹಗ್ಗ ಹಿಡ್ಕೊಂಡು ನಡುಗ್ತಿದೆ. ಪಕ್ಕದ ರಂಜಿನಿ ಮೇಡಂ ಗೊತ್ತಲ್ಲ, ಕಾಲೇಜಲ್ಲಿ ಬಾಟನಿ ಹೇಳ್ಕೊಡೋರು, ಅವ್ರನ್ನ ಕೂಗ್ದೆ. ನೋಡಿದ್ದೇ ಬಾಯಿಗೆ ಕೈ ಇಟ್ಕೊಂಡ್ರು. "ಗೌರೀಶ್ ಅವ್ರೇ, ಇದು ಕಾಡುಪಾಪ! ನಮ್ಮ ಗಲ್ಲೀಲಿ ಇನ್ನೂ ಇದಾವೆ ಅಂತ ನಂಗೇ ಗೊತ್ತಿರ್ಲಿಲ್ಲ. ಕೈಯಲ್ಲಿ ಮುಟ್ಬೇಡಿ, ಬಿಸಿಲು ಬೀಳ್ದಿರೋ ಹಾಗೆ ಮರೆ ಮಾಡಿ, ರೆಸ್ಕ್ಯೂನೋರಿಗೆ ಫೋನ್ ಮಾಡ್ತೀನಿ" ಅಂದ್ರು.

ನಾನೇನ್ ಮಾಡ್ದೆ? ನಮ್ಮ ಕ್ರಾಸ್ ಗ್ರೂಪಿಗೆ ಒಂದು ವಾಯ್ಸ್ ನೋಟ್ ಹಾಕ್ದೆ. "ಎಲ್ರಿಗೂ ನಮಸ್ಕಾರ. ಹಿಂದಿನ ಗಲ್ಲೀಲಿ ಒಂದು ಪಾಪ ಸಿಕ್ಕಿದೆ. ರಾತ್ರಿಯೆಲ್ಲ ಮಳೇಲಿ ನೆಂದಿದೆ, ಪಾಪ ನಡುಗ್ತಿದೆ. ತಾಯಿ ಎಲ್ಲಿ ಅಂತ ಗೊತ್ತಿಲ್ಲ. ಕೈಲಾದೋರು ಬನ್ನಿ." 'ಕಾಡು' ಅನ್ನೋದನ್ನ ಬೇಕಂತಲೇ ಬಿಟ್ಟೆ. ಕಾಡು ಅಂದ್ರೆ ಮೂಲೆಮನೆ ಶಂಭುಲಿಂಗಪ್ಪನೋರು ಚಿರತೆ ಅನ್ಕೊಂಡು ಬಾಗಿಲು ಹಾಕ್ಕೊಂಡ್ಬಿಡ್ತಾರೆ ಅಂತ.

ಮಗಾ, ಐದು ನಿಮಿಷದಲ್ಲಿ ಇಡೀ ಕ್ರಾಸು ಗಲ್ಲೀಲಿದೆ! ಒಬ್ರು ಹಾಲಿನ ಬಾಟ್ಲು, ಒಬ್ರು ಗ್ರೈಪ್ ವಾಟರ್. ಮುನಿಲಕ್ಷ್ಮಮ್ಮ ಮೊಮ್ಮಗನ ತೊಟ್ಟಿಲನ್ನೇ ತಲೆ ಮೇಲೆ ಹೊತ್ಕೊಂಡು ಬಂದ್ರು. ಶಂಭುಲಿಂಗಪ್ಪನೋರು ತಮ್ಮ ಮಂಕಿ ಕ್ಯಾಪ್ ಹಿಡ್ಕೊಂಡು, "ಹೆತ್ತ ತಾಯಿಗೆ ಕರುಳು ಅನ್ನೋದು ಬೇಡ್ವೇನ್ರೀ? ಮಲ್ಲೇಶ್ವರ ಎಲ್ಲಿಗೆ ಬಂತು!" ಅಂತ ಭಾಷಣ ಶುರು ಮಾಡಿದ್ರು. ಹಿಂದೆನೇ ಪೊಲೀಸ್ ಜೀಪು. ಯಾರೋ ಪುಣ್ಯಾತ್ಮರು ಫೋನ್ ಮಾಡ್ಬಿಟ್ಟಿದ್ರು. ಲೇಡಿ ಕಾನ್‌ಸ್ಟೇಬಲ್ ಇಳಿದು "ಮಗು ಎಲ್ಲಿ?" ಅಂದ್ರು. ನಾನು ಮೆಲ್ಲಗೆ ಶಾಮಿಯಾನ ಸರಿಸ್ದೆ. ಅದು ಆ ಎರಡು ಕಣ್ಣು ಬಿಟ್ಟು ಎಲ್ರನ್ನೂ ಒಂದ್ ಸಲ ನೋಡ್ತು. ಆಮೇಲೆ ಆಯಮ್ಮ ಪೆನ್ನು ತೆಗೆದು, "ತಂದೆ ಹೆಸ್ರು ಏನಂತ ಬರ್ಕೊಳ್ಲಿ ಸಾರ್?" ಅಂದ್ರು ನೋಡು! ಶಂಭುಲಿಂಗಪ್ಪನೋರು ಮಾತ್ರ ಕೆಂಡ. "ರೀ ಗೌರೀಶ್, ಇದಾ ಪಾಪ? ನನ್ನ ಕ್ಯಾಪಿನೊಳಗೆ ಇದ್ರ ಇಡೀ ಸಂಸಾರ ಹಿಡಿಯುತ್ತೆ!"

ರೆಸ್ಕ್ಯೂನೋರು ಬಂದು ಪರೀಕ್ಷೆ ಮಾಡಿ, ಏಟೇನೂ ಆಗಿಲ್ಲ, ಕತ್ತಲಾದ್ ಮೇಲೆ ಈ ಹೊಂಗೆ ಮರಕ್ಕೇ ಬಿಟ್ಬಿಡಿ ಅಂದ್ರು. ಬಿಟ್ವಿ, ಈಗ್ತಾನೆ. ಈಗ ವಿಷಯಕ್ಕೆ ಬಾ. ಇದು ಕೋತಿ ಥರ ನೆಗೆಯಲ್ಲ. ಕೊಂಬೆ ಹಿಡ್ಕೊಂಡು, ಇನ್ನೊಂದು ಕೊಂಬೆ ಕೈಗೆ ಸಿಕ್ಕಿದ್ ಮೇಲೆ ಮೊದಲಿಂದು ಬಿಡುತ್ತೆ. ನೆಲಕ್ಕಿಳಿದ್ರೆ ನಾಯಿ, ಬೆಕ್ಕು, ಕಾರು. ನಮ್ಮ ಹೊಂಗೆಯಿಂದ ನೇರಳೆಗೆ, ನೇರಳೆಯಿಂದ ನಿಮ್ಮ ಹಲಸಿಗೆ, ಹಲಸಿಂದ ಆಚೆ ಮಾವು, ಸಂಪಿಗೆ, ಎಲ್ಲ ಕಡೆಗೆ. ನಿಮ್ಮ ಹಲಸು ಅಂದ್ರೆ ಅದಕ್ಕೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ನೇರಳೆ ಹೋಯ್ತು, ಅದಕ್ಕೆ ಹಗ್ಗದ ಸೇತುವೆ ಕಟ್ತೀವಿ, ಹೊಸ ಗಿಡ ನೆಡ್ತೀವಿ. ಮೆಜೆಸ್ಟಿಕ್ಕೇ ಹೋದ್ರೆ ಏನ್ ಕಟ್ಟೋದು? ಯೋಚ್ನೆ ಮಾಡು.

ಅಮ್ಮನಿಗೆ ನಮಸ್ಕಾರ ಹೇಳು. ಇಂತಿ ನಿನ್ನ ಗೌರೀಶ, ಮೈಕ್ ಆಫ್.


೨೨ ಮೇ ೨೦೨೫
ರಾಮಾನುಜನ ಮೆಸೇಜು, ಮೈಸೂರಿನಿಂದ

ಶ್ರೀ ಗೌರೀಶ್ ಅವರಿಗೆ,

ನಿಮ್ಮ ಧ್ವನಿಸಂದೇಶವನ್ನು ಇಡ್ಲಿಯ ಚಟ್ನಿಯವರೆಗೆ ಕೇಳಿದೆ. ಅದರ ಮುಂದೆ ಕೇಳುವಷ್ಟು ಬಿಡುವು ಇರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿದೆ.

ಮರದ ವಿಷಯ ತೀರ್ಮಾನವಾಗಿದೆ. ಅನುಮತಿಯೂ ಸಿಕ್ಕಿದೆ. ಆ ಜಾಗದಲ್ಲಿ ಅಮ್ಮನಿಗೆ ನೆಲಮಟ್ಟದಲ್ಲೇ ಒಂದು ಕೋಣೆ, ಬಚ್ಚಲು ಕಟ್ಟಿಸಿ, ಅವರನ್ನು ಮಲ್ಲೇಶ್ವರಕ್ಕೆ ವಾಪಸ್ ಕರೆತರಬೇಕೆಂದಿದ್ದೇನೆ. ಅವರು ಬರುವುದಕ್ಕೆ ಮುಂಚೆ ಆ ಮರ ಹೋಗಿರಬೇಕು. ಕಾರಣ ನಮ್ಮ ಮನೆಯದು.

ಮುಂದೆ ಏನಾದರೂ ಹೇಳುವುದಿದ್ದರೆ ದಯವಿಟ್ಟು ಬರೆದು ಕಳಿಸಿ. ನಾಲ್ಕು ಸಾಲು ಸಾಕು.

ಇತಿ,
ರಾಮಾನುಜ


೮ ಜೂನ್ ೨೦೨೫, ಭಾನುವಾರ
ಗೌರೀಶನ ವಾಯ್ಸ್ ನೋಟ್

ಶ್ರೀ ರಾಮಾನುಜ ಅವ್ರಿಗೆ ಸಾಷ್ಟಾಂಗ! ಏನ್ ಮರ್ಯಾದೆ ಗುರು! 'ನಿಮ್ಮ', 'ಅವರಿಗೆ', 'ದಯವಿಟ್ಟು'. ನಮ್ಮಮ್ಮನಾಣೆ, ನೀನು ಬೈದಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ. ಒಂದೇ ಚಡ್ಡೀಲಿ ಇಬ್ರೂ ಈಜು ಕಲ್ತೋರು, ಈಗ ನನ್ನನ್ನ ಬಹುವಚನದಲ್ಲಿ ಕೂರಿಸ್ತೀಯ. ಬರೆದು ಕಳ್ಸು ಅಂದೆ. ಮೂರು ದಿನ ಕೂತೆ ಕಣೋ. ಫೋನಲ್ಲಿ ಕನ್ನಡ ಟೈಪ್ ಮಾಡಕ್ಕೋದ್ರೆ 'ಮರ' ಅಂತ ಒತ್ತಿದ್ರೆ 'ಮಾರಮ್ಮ' ಅಂತ ಬರುತ್ತೆ. ಬಾಯಿ ಇರೋದು ಯಾಕೆ ಮತ್ತೆ?

ಮೊದಲ್ನೇ ನೋಟು ಪೂರ್ತಿ ಕೇಳಿಲ್ಲ ಅಂದ್ಯಲ್ಲ. ಸರಿ ಬಿಡು. ಹಳೇ ಕಥೆ ಮತ್ತೆ ಹೇಳಲ್ಲ, ನಂಗೂ ಸ್ವಾಭಿಮಾನ ಅನ್ನೋದು ಇದೆ. ಬರೀ ಗಿಡದ ವಿಷಯ ಹೇಳ್ತೀನಿ.

ಹೋದ ಭಾನುವಾರ ಗಲ್ಲೀಲಿ ಗಿಡ ನೆಟ್ವಿ. ನೇರಳೆ ಜಾಗದಲ್ಲೇ ಒಂದು ನೇರಳೆ, ಪಕ್ಕಕ್ಕೆ ಅತ್ತಿ, ಆ ಕಡೆ ಹೊಂಗೆ. ಗುಂಡಿ ತೋಡಕ್ಕೆ ನಮ್ಮ ಶಾಮಿಯಾನ ಹುಡುಗ್ರು ಬಂದಿದ್ರು. ಅವ್ರಿಗೆ ಗುಂಡಿ ಅಂದ್ರೆ ಕಂಬ ನಿಲ್ಸೋ ಗುಂಡಿನೇ. ಬೇರು ಹರಡಕ್ಕೆ ಅಗಲ ಬೇಕು ಅಂತ ರಂಜಿನಿ ಮೇಡಂ ಮತ್ತೆ ತೋಡಿಸಿದ್ರು. ಶಂಭುಲಿಂಗಪ್ಪನೋರದು ಒಂದು ಅಬ್ಜೆಕ್ಷನ್. "ನೇರಳೆ ಮಾತ್ರ ಬೇಡ. ಅದು ನನ್ನ ಬಿಳೀ ಕಾರನ್ನ ಹತ್ತು ವರ್ಷ ನೇರಳೆ ಕಾರು ಮಾಡಿಟ್ಟಿತ್ತು" ಅಂತ ಕುರ್ಚಿ ತಂದು ಗುಂಡಿ ಪಕ್ಕದಲ್ಲೇ ಕೂತ್ರು, ಸತ್ಯಾಗ್ರಹ. ನಾನು ಸಸಿ ತಂದು ಅವ್ರ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಆ ಸಸೀನ ನೋಡಿದ್ರು, ಎರಡೆಲೆ ಇತ್ತು ಅಷ್ಟೆ. "ಇದು ಹಣ್ಣು ಬಿಡೋ ಹೊತ್ತಿಗೆ ನಾನೆಲ್ಲೋ, ನನ್ನ ಕಾರೆಲ್ಲೋ. ನೆಡ್ರಿ, ನೆಡ್ರಿ" ಅಂತ ಎದ್ದು ಮೊದಲ್ನೇ ಬೊಗಸೆ ಮಣ್ಣು ಅವ್ರೇ ಹಾಕಿದ್ರು. ಈಗ ದಿನಾ ಬೆಳಗ್ಗೆ ನೀರು ಹಾಕಕ್ಕೆ ನಂಗಿಂತ ಮುಂಚೆ ಬಂದಿರ್ತಾರೆ. ಬೇರೆ ಯಾರಾದ್ರೂ ಹಾಕಿದ್ರೆ ಜಗಳ.

ಇನ್ನೊಂದು. ಹಿತ್ತಲ ಲೈಟೆಲ್ಲ ಏಳು ಗಂಟೆ ಮೇಲೆ ಆರಿಸ್ತಿದೀವಿ, ಇಡೀ ಸಾಲು ಮನೆ. ನಮ್ಮ ಅತಿಥಿಗೆ ಬೆಳಕು ಆಗಲ್ವಂತೆ. ಸೀರಿಯಲ್ ಲೈಟ್ ಸೆಟ್ಟು ಬಾಡಿಗೆ ಕೊಡೋ ನಾನು, ಊರಿಗೆಲ್ಲ ಬೆಳಕು ಮಾರಿ, ಮನೆ ಹಿಂದೆ ಕತ್ತಲೆ ಕಾಯ್ತಿದೀನಿ. ಅದು ಮಾತ್ರ ನಮ್ಮ ಹೊಂಗೆ ಒಂದ್ರಲ್ಲೇ ಸುತ್ತಾ ಇದೆ. ಕೊಂಬೆ ತುದಿವರೆಗೂ ಬರುತ್ತೆ, ನೇರಳೆ ಇದ್ದ ಕಡೆ ಕೈ ಚಾಚುತ್ತೆ, ಖಾಲಿ ಗಾಳಿ. ವಾಪಸ್ ಹೋಗುತ್ತೆ. ಒಂದೇ ಮರದಲ್ಲಿ ಎಷ್ಟು ಹುಳ ಸಿಗುತ್ತೆ ಹೇಳು? ಸೇತುವೆ ಕಟ್ಟೋಣ ಅಂದ್ರೆ ಇನ್ನೊಂದು ತುದಿ ನಿಮ್ಮ ಹಲಸಿಗೇ ಕಟ್ಬೇಕು. ಕಾಂಪೌಂಡಿಗೆ ಬೀಗ. ಶ್ರಾವಣದಲ್ಲಿ ಬೀಳೋ ಮರಕ್ಕೆ ಸೇತುವೆ ಕಟ್ಟಿ ಏನ್ ಪ್ರಯೋಜನ ಅಂತ ಮೇಡಂ ಕೇಳ್ತಾರೆ.

ಕಾರಣ ನಿಮ್ಮನೇದು ಅಂದೆ. ಸರಿ, ಕೇಳಲ್ಲ. ಅಮ್ಮ ಹೇಗಿದ್ದಾರೆ, ಅದನ್ನಾದ್ರೂ ಕೇಳ್ಬಹುದಾ? ಅವ್ರ ಪುಳಿಯೋಗರೆ ತಿಂದು ಬೆಳೆದ ಹೊಟ್ಟೆ ಇದು.

ಇಂತಿ ಏಕವಚನದ ಗೌರೀಶ.


೧೧ ಜೂನ್ ೨೦೨೫
ರಾಮಾನುಜನ ಮೆಸೇಜು

ಗೌರೀಶ್,

ಈ ಸಲ ಪೂರ್ತಿ ಕೇಳಿದೆ. ನಿಮ್ಮ ಅತಿಥಿ ಅಳಿಲೋ ಬಾವಲಿಯೋ ಗೊತ್ತಾಗಲಿಲ್ಲ. ಸ್ಪೀಕರ್‌ನಲ್ಲಿ ಹಾಕಿದ್ದೆ, ಅಮ್ಮ ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದರು. ನಿಮ್ಮ ಧ್ವನಿ ಕೇಳಿದ್ದೇ ತಲೆ ಎತ್ತಿ, "ಗೌರೀಶನಾ? ಪಾಪ ಕಾಯ್ತಿರತ್ತೆ, ಒಂದು ಬಾಳೆಹಣ್ಣು ಇಡಕ್ಕೆ ಹೇಳೋ" ಎಂದರು.

ನೀವು ಕಾರಣ ಕೇಳುವುದಿಲ್ಲ ಎಂದಿರಿ. ಕೇಳದೇ ಇರುವವರಿಗೆ ಹೇಳುವುದು ಸುಲಭ, ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಬೆಂಗಳೂರಲ್ಲಿದ್ದ ಕೊನೆಯ ವರ್ಷ ಅಮ್ಮ ದಿನಾ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಹಲಸಿನ ಮರದಲ್ಲಿ ಪಾಪ ಕೂತಿದೆ, ನನ್ನನ್ನೇ ನೋಡುತ್ತಿದೆ ಎನ್ನುತ್ತಿದ್ದರು. ನಾನು ಟಾರ್ಚ್ ಹಾಕಿ ನೋಡಿದರೆ ಏನೂ ಇರುತ್ತಿರಲಿಲ್ಲ. "ನೀನು ಬೆಳಕು ಬಿಟ್ಟಿದ್ದಕ್ಕೆ ಹೆದರಿಕೊಂಡು ಹೋಯಿತು" ಎಂದು ನನ್ನ ಮೇಲೇ ಸಿಟ್ಟು. ಕಾಂಪೌಂಡ್ ಗೋಡೆಯ ಮೇಲೆ ಬಾಳೆಹಣ್ಣು ಇಟ್ಟು ಬರುತ್ತಿದ್ದರು. ಒಂದು ದಿನ ಹಾಗೆ ಹೋದವರು ಮೆಟ್ಟಿಲ ಮೇಲೆ ಜಾರಿ ಬಿದ್ದರು. ಡಾಕ್ಟರಿಗೆ ತೋರಿಸಿದೆ. ಮರೆವು ಶುರುವಾಗಿದೆ, ಇಂಥ ಭ್ರಮೆಯೂ ಬರಬಹುದು, ಜಾಗ ಬದಲಾಯಿಸಿ ನೋಡಿ ಎಂದರು. ಬದಲಾಯಿಸಿದೆ. ಅದಕ್ಕೇ ಅವತ್ತು ನಿಮ್ಮ ಮಾತು ಸಹಿಸಲಾಗಲಿಲ್ಲ.

ಇಲ್ಲಿ ಬಂದ ಮೇಲೆ ಆ ಮಾತು ನಿಂತಿದೆ ಎಂದುಕೊಂಡಿದ್ದೆ. ಇವತ್ತು ಮತ್ತೆ ಬಂತು. ಆ ಮರ ಕಣ್ಣೆದುರು ಇದ್ದರೆ ಅವರು ಮತ್ತೆ ಆ ಮೆಟ್ಟಿಲು ಇಳಿಯುತ್ತಾರೆ. ಈಗ ಅರ್ಥವಾಯಿತು ಅಂದುಕೊಳ್ಳುತ್ತೇನೆ.

ರಾಮಾನುಜ


೧೧ ಜೂನ್ ೨೦೨೫
ಗೌರೀಶನ ವಾಯ್ಸ್ ನೋಟ್

ರಾಮು. ಮೇ ತಿಂಗಳ ನೋಟು ತೆಗಿ. ಚಟ್ನಿಯಿಂದ ಮುಂದಕ್ಕೆ ಕೇಳು. ಈಗ್ಲೇ.

ನಾನು ಇನ್ನೊಂದು ಮಾತೂ ಆಡಲ್ಲ.


೧೬ ಜೂನ್ ೨೦೨೫
ರಾಮಾನುಜನ ಮೆಸೇಜು

ಲೋ ಗೌರಿ,

ಕೇಳಿದೆ. ಕೇಳಿ ಫೋನ್ ಪಕ್ಕಕ್ಕಿಟ್ಟು ಟೆರೇಸಿಗೆ ಹೋಗಿ ನಿಂತಿದ್ದೆ. ಇಳಿದು ಬಂದು ಮತ್ತೆ ಕೇಳಿದೆ. ಎರಡನೇ ಸಲ ಆ ಕಾನ್‌ಸ್ಟೇಬಲಮ್ಮನ ಮಾತಿಗೆ ನಗುವೂ ಬಂತು, ಇನ್ನೇನೋ ಬಂತು.

ರಂಜಿನಿ ಅವರು ತೆಗೆದಿದ್ದ ಫೋಟೋ ನೀನು ಒಂದು ಅಕ್ಷರವೂ ಬರೆಯದೆ ಕಳಿಸಿದೆಯಲ್ಲ, ಅದನ್ನು ಇಟ್ಟುಕೊಂಡು ನಾಲ್ಕು ದಿನ ಅಮ್ಮನ ಸುತ್ತ ಓಡಾಡಿದೆ. ತೋರಿಸಲು ಧೈರ್ಯ ಬರಲಿಲ್ಲ. ನಿನ್ನೆ ಸಂಜೆ ತೋರಿಸಿದೆ. ಅವರು ಆಶ್ಚರ್ಯ ಪಡುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ ಅಂತೆಲ್ಲ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ನೋಡಿ, "ಎಷ್ಟು ಸೊರಗಿದೆ ನೋಡು. ನಾನಿಲ್ಲ ಅಂದ್ರೆ ಯಾರೂ ವಿಚಾರಿಸಲ್ಲ" ಎಂದರು. ಆಮೇಲೆ ಹೂ ಕಟ್ಟುವುದು ಮುಂದುವರಿಸಿದರು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, "ಇದಕ್ಕೇನಾ ನೀನು ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದು?" ಎಂದರು.

ನಾನು ಮೇಷ್ಟ್ರು ಕಣೋ. ಹುಡುಗರು ಉತ್ತರ ಬರೆದರೆ ಪೂರ್ತಿ ಓದದೆ ಮಾರ್ಕ್ಸ್ ಕೊಡುವವನಲ್ಲ. ಅಮ್ಮನ ವಿಷಯದಲ್ಲಿ 'ಪಾಪ' ಅನ್ನುವ ಒಂದು ಪದ ಕೇಳಿ ಪೇಪರ್ ಮಡಚಿಟ್ಟೆ. ಟಾರ್ಚ್ ಆರಿಸಿ ಅವರ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದರೆ ಸಾಕಾಗಿತ್ತು.

ಮರೆವು ಇದೆ, ಅದು ಸುಳ್ಳಲ್ಲ. ಬೆಳಗ್ಗೆ ತಿಂಡಿ ತಿಂದದ್ದು ಮರೆಯುತ್ತಾರೆ. ನನ್ನನ್ನು ಒಂದೊಂದು ಸಲ ಮಾವನ ಹೆಸರು ಹಿಡಿದು ಕೂಗುತ್ತಾರೆ. ಇದು ಮಾತ್ರ ಮರೆವಲ್ಲ.

ಇಂಜಿನಿಯರ್ ಜೊತೆ ಮಾತಾಡಿದೆ. ಮರ ಉಳಿಸಿಕೊಂಡು ಹಿಂದೆ ಕೋಣೆ ಆಗುವುದಿಲ್ಲ ಅನ್ನುತ್ತಾನೆ. ಇನ್ನೂ ಏನೂ ತೋಚಿಲ್ಲ, ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಸೇತುವೆ ಕಟ್ಟು. ಹಿಂದಿನ ಗೇಟಿನ ಬೀಗದ ಕೈ ನನ್ನ ಹತ್ತಿರವೂ ಇಲ್ಲ. ಒಡೆದುಬಿಡು.

ರಾಮು


೬ ಜುಲೈ ೨೦೨೫, ಭಾನುವಾರ
ಗೌರೀಶನ ವಾಯ್ಸ್ ನೋಟ್

ಹಲೋ ಹಲೋ, ರಾಮು ಮೇಷ್ಟ್ರೇ! ಇವತ್ತು ಏಕಾದಶಿ, ಉಪವಾಸ ಇರ್ತೀಯ, ಹೊಟ್ಟೆ ಖಾಲಿ ಇರೋನಿಗೆ ಕಿವಿ ಚುರುಕು ಅಂತ ಈಗ್ಲೇ ಮಾಡ್ತಿದೀನಿ. 'ಲೋ ಗೌರಿ' ಅಂದ್ಯಲ್ಲೋ! ಸ್ಕೂಲಲ್ಲಿ ಹಾಗಂದಿದ್ದಕ್ಕೆ ನಿನ್ನ ಶರ್ಟಿನ ಜೇಬು ಹರಿದಿದ್ದೆ. ಈಗ ನಮ್ಮನೆಯೋಳಿಗೆ ತೋರಿಸ್ದೆ, "ನೋಡು, ನೋಡು, ಏನಂದಿದಾನೆ" ಅಂತ.

ಬೀಗ ಒಡೆದೆ. ಕಳ್ಳ ಅಂತ ನಿಮ್ಮ ಮೇಲ್ಮನೆಯೋರು ಕೂಗ್ಕೊಂಡ್ರು, ಅದು ಬೇರೆ ಕಥೆ. ಹಲಸಲ್ಲಿ ಈ ಸಲ ಎಂಥಾ ಕಾಯಿ ಗುರು! ಎರಡು ಇಳಿಸಿ ಹಂಚಿದ್ವಿ, ನಿನ್ನ ಪಾಲು ಮೇಣ ನನ್ನ ಕೈಯಲ್ಲೇ ಇದೆ.

ಸೇತುವೆ ವಿಷಯ ಕೇಳು. ನಾನು ಹುಮ್ಮಸ್ಸಲ್ಲಿ ನಮ್ಮ ಗೋಡೌನಿಂದ ಹೊಸಾ ನೈಲಾನ್ ಹಗ್ಗ ತಂದು, ಹೊಂಗೆಯಿಂದ ಹಲಸಿಗೆ ಟಪ್ ಅಂತ ಬಿಗಿದೆ. ಕೆಂಪು ಹಳದಿ ಬಣ್ಣ, ನಮ್ಮ ಬಾವುಟ. ಮೇಡಂ ನೋಡಿ, "ಗೌರೀಶ್ ಅವ್ರೇ, ಇದು ಮದುವೆ ಚಪ್ಪರನಾ?" ಅಂದ್ರು. ನುಣ್ಣಗಿರುತ್ತಂತೆ, ಹಿಡಿತ ಸಿಗಲ್ವಂತೆ. ಬಿಚ್ಚಿ ತೆಂಗಿನ ನಾರಿನ ದಪ್ಪ ಹಗ್ಗ ಕಟ್ವಿ, ಎರಡೂ ತುದೀಲಿ ಬಿದಿರು, ಮರದ ತೊಗಟೆಗೆ ಕೊರೀದಿರೋ ಹಾಗೆ ಹಳೇ ಶಾಮಿಯಾನ ಬಟ್ಟೆ ಸುತ್ತಿ. ಮುನಿಲಕ್ಷ್ಮಮ್ಮ ಮನೆ ಮಲ್ಲಿಗೆ ಬಳ್ಳೀನ ಅದರ ಮೇಲೆ ಹಬ್ಬಿಸಕ್ಕೆ ಬಿಟ್ಟಿದೀವಿ. ಸ್ಟೇಜ್ ಲೈಟಿನ ಕೆಂಪು ಪೇಪರ್ ಇರುತ್ತಲ್ಲ, ಅದನ್ನ ಟಾರ್ಚಿಗೆ ಸುತ್ಕೊಂಡು ದಿನಾ ಸಂಜೆ ನೋಡ್ತೀವಿ. ಕೆಂಪು ಬೆಳಕಾದ್ರೆ ಅದಕ್ಕೆ ಅಷ್ಟು ತೊಂದ್ರೆ ಇಲ್ಲ.

ಆದ್ರೆ ಬರ್ತಿಲ್ಲ ಕಣೋ. ಹೊಂಗೆ ತುದೀಗೆ ಬರುತ್ತೆ, ಹಗ್ಗ ಮೂಸುತ್ತೆ, ಒಂದು ಕೈ ಇಡುತ್ತೆ, ವಾಪಸ್ ಹೋಗುತ್ತೆ. ಶಂಭುಲಿಂಗಪ್ಪನೋರು ಕೆಳಗೆ ನಿಂತು "ಬಾರೋ ಮರಿ, ಬಾ, ಏನಾಗಲ್ಲ" ಅಂತ ಕೈ ಬೀಸ್ತಾರೆ. ಮಾತಾಡ್ಬೇಡಿ ಸಾರ್ ಅಂತ ಮೇಡಂ, ಮಾತಾಡ್ಬೇಡಿ ಅಂತ ನಾನು! ನಾನು ಹೇಳ್ತಿದೀನಿ, ಯಾರಾದ್ರೂ ನಂಬ್ತಾರಾ? ಒಂದು ಗಂಟೆ ಬಾಯಿ ಮುಚ್ಕೊಂಡು ನಿಲ್ತೀನಿ ದಿನಾ. ಮನೇಲಿ ಜ್ವರ ಬಂದಿದೆ ಅನ್ಕೊಂಡಿದಾರೆ.

ಇನ್ನೊಂದು, ಅಮ್ಮನಿಗೆ ಹೇಗೆ ಹೇಳ್ತೀಯೋ ನಿಂಗೆ ಬಿಟ್ಟಿದ್ದು. ಬಾಳೆಹಣ್ಣು ಇಡಬಾರದಂತೆ. ಅದರ ಊಟ ಹುಳಹುಪ್ಪಟೆ. ಮೇಡಂ ಹೇಳೋದು, ಅಮ್ಮ ಇಟ್ಟ ಹಣ್ಣಿಗೆ ಹುಳ ಬರ್ತಿದ್ವು, ಹುಳ ತಿನ್ನಕ್ಕೆ ಅದು ಬರ್ತಿತ್ತು. ಅಂದ್ರೆ ಅಮ್ಮ ಊಟ ಹಾಕಿದ್ದು ಸುಳ್ಳಲ್ಲ, ಮೆನು ಮಾತ್ರ ಬೇರೆ.

ಆಷಾಢ ಮುಗಿಯಕ್ಕೆ ಇನ್ನು ಹದಿನೆಂಟೇ ದಿನ. ನಾನು ಕೇಳಲ್ಲ ಅಂದಿದೀನಿ, ಕೇಳಲ್ಲ. ಸುಮ್ನೆ ಕ್ಯಾಲೆಂಡರ್ ನೋಡ್ದೆ, ಹೇಳ್ದೆ.

ಇಂತಿ, ಬಾಯಿ ಮುಚ್ಚೋದು ಕಲೀತಿರೋ ಗೌರಿ.


೨೭ ಜುಲೈ ೨೦೨೫, ಭಾನುವಾರ
ರಾಮಾನುಜನ ವಾಯ್ಸ್ ನೋಟ್, ಮಲ್ಲೇಶ್ವರದಿಂದ

ಗೌರಿ... ಇದು ಹೇಗೆ, ಒತ್ತಿ ಹಿಡ್ಕೋಬೇಕಾ? ಹಾಂ, ಓಡ್ತಿದೆ. ಮೆಲ್ಲಗೆ ಮಾತಾಡ್ತೀನಿ, ಫೋನ್ ಕಿವಿ ಹತ್ರ ಇಟ್ಕೋ.

ಬೆಳಗ್ಗೆ ನೀನು ಇರ್ಬೇಕಿತ್ತು ಕಣೋ. ಚಾಮರಾಜಪೇಟೆ ಮದುವೆ ಬಿಡಕ್ಕಾಗಲ್ಲ ಅಂದೆ, ಸರಿ, ಶ್ರಾವಣ ಅಂದ್ರೆ ನಿಮಗೆ ಸುಗ್ಗಿ. ಗುದ್ದಲಿ ಪೂಜೆ ಆಯ್ತು. ಮುಂದ್ಗಡೆ. ಕಾರ್ ನಿಲ್ಸೋ ಜಾಗ ಇತ್ತಲ್ಲ, ಅಲ್ಲಿ ಅಮ್ಮನ ಕೋಣೆ ಬರುತ್ತೆ. ಕಾರು ಬೀದೀಲಿ ಇರುತ್ತೆ. ಇಂಜಿನಿಯರ್‌ಗೆ ಮುಖ ಊದಿದೆ, ಊದ್ಲಿ. ಶಂಭುಲಿಂಗಪ್ಪನೋರು ಆಗ್ಲೇ ಬಂದು, "ನೇರಳೆ ಕೆಳಗೆ ಮಾತ್ರ ನಿಲ್ಲಿಸ್ಬೇಡಿ, ಅನುಭವ ಹೇಳ್ತಿದೀನಿ" ಅಂದ್ರು. ನಾನು ಅವ್ರಿಗೆ ಆ ಗೇಣುದ್ದದ ಸಸಿ ತೋರಿಸ್ದೆ.

ಈಗ ನಾನೂ ಅಮ್ಮಾನೂ ಹಿತ್ತಲ ಮೆಟ್ಟಿಲ ಮೇಲೆ ಕೂತಿದೀವಿ. ಮೆಟ್ಟಿಲಿಗೆ ಕಂಬಿ ಹಾಕ್ಸಿದೀನಿ. ಲೈಟ್ ಇಲ್ಲ, ಟಾರ್ಚ್ ಇಲ್ಲ, ನಿನ್ನ ಕೆಂಪು ಪೇಪರ್ರೂ ಬೇಡ ಅಂದ್ರು ಅಮ್ಮ. ಕಣ್ಣು ಕತ್ತಲೆಗೆ ಒಗ್ಗಲಿ ಅಂತ. ಕೂತು ಎಷ್ಟೋ ಹೊತ್ತಾಯ್ತು. ಮೊದಮೊದಲು ಅಮ್ಮನೇ ಮಾತಾಡ್ತಿದ್ರು, ಇಲ್ಲಿ ತುಳಸಿ ಇತ್ತು, ಅಲ್ಲಿ ಒಗೆಯೋ ಕಲ್ಲಿತ್ತು ಅಂತ. ಆಮೇಲೆ ಮರದ ಕಡೆಗೇ ಕಣ್ಣು ನೆಟ್ಟು ಕೂತ್ರು. ನಂಗೆ ಭಯ ಆಯ್ತು ಗೌರಿ, ಬರ್ದೇ ಇದ್ರೆ ಏನ್ ಮಾಡೋದು ಅಂತ. ಬರ್ದೇ ಇದ್ರೆ ಅವ್ರು ಏನಂತಾರೆ ಅಂತಲ್ಲ, ನಾನು ಮತ್ತೆ ಏನಂತೀನೋ ಅಂತ.

ಬಂತು ಕಣೋ.

ಹಗ್ಗದ ಮೇಲೆನೇ ಬಂತು. ನಿನ್ನ ತೆಂಗಿನ ನಾರಿನ ಹಗ್ಗದ ಮೇಲೆ, ಒಂದೊಂದೇ ಕೈ, ಒಂದೊಂದೇ ಕಾಲು, ಯಾವ ಅವಸರಾನೂ ಇಲ್ಲ, ಮದುವೆ ಮನೆಗೆ ಹೊರಟ ಹಿರಿಯರ ಥರ. ಹಲಸಿನ ಕೊಂಬೆ ಸಿಕ್ಕಿದ್ ಮೇಲೇನೇ ಹಗ್ಗ ಬಿಟ್ಟಿದ್ದು. ಈಗ ಅಲ್ಲೇ ಕವಲಲ್ಲಿ ಕೂತಿದೆ. ನಮ್ಮನ್ನೇ ನೋಡ್ತಿದೆ. ನಾನು ಅಮ್ಮನ ಕೈ ಹಿಡ್ಕೊಂಡೆ. ಅಮ್ಮ ಅದನ್ನ ಚೆನ್ನಾಗಿ ನೋಡಿ, ನಂಗೆ ಏನ್ ಕೇಳಿದ್ರು ಗೊತ್ತಾ?

"ಒಂದೇ ಬಂದಿದ್ಯಲ್ಲೋ. ಇನ್ನೊಂದೆಲ್ಲಿ?"

ಇನ್ನೊಂದಂತೆ! ನೀವ್ಯಾರೂ ಎರಡಿದೆ ಅಂತ ಹೇಳಿಲ್ಲ. ಮೇಡಂ ಹೇಳಿಲ್ಲ, ನೀನು ಹೇಳಿಲ್ಲ, ನೀನಂತೂ ಯಾವುದನ್ನೂ ಬಿಡೋನಲ್ಲ. 'ಇಲ್ಲಮ್ಮ, ಒಂದೇ ಇರೋದು' ಅಂತ ಬಾಯಿ ತುದೀಗೆ ಬಂದಿತ್ತು. ನುಂಗ್ಕೊಂಡೆ. "ಬರುತ್ತಾಮ್ಮ?" ಅಂತ ಕೇಳ್ದೆ. "ಬರತ್ತೆ, ಕೂತ್ಕೋ" ಅಂದ್ರು. ಕೂತಿದೀನಿ. ಸೊಳ್ಳೆ ಕಚ್ತಿದೆ, ಕೂತಿದೀನಿ.

ಇರು... ಅಮ್ಮ ಬೆರಳು ತೋರಿಸ್ತಿದಾರೆ.

ಗೌರಿ, ಹಗ್ಗ ಅಲ್ಲಾಡ್ತಿದೆ.

ನಿನ್ನ ರಾಮು. ಇದನ್ನ ಆಫ್ ಮಾಡೋದು ಹೇಗೋ...


೨೭ ಜುಲೈ ೨೦೨೫
ಗೌರೀಶನ ಮೆಸೇಜು

ಪೂರ್ತಿ ಕೇಳ್ದೆ. ಮದುವೆ ಮಂಟಪದ ಹಿಂದೆ ನಿಂತ್ಕೊಂಡು, ಮೈಕ್ ಆಫ್ ಮಾಡಿ.

ಎರಡನೇದು ಬಂತಾ? ಬರೆದು ಕಳಿಸ್ಬೇಡ. ಮಾತಾಡು.

ಗೌರಿ